ತುಳುನಾಡಿಗೆ ಬರುವವರೇ, ಮೊದಲು ಪತ್ತನಾಜೆ ಯಾವಾಗ ಎಂದು ಕೇಳಿ

ಮಂಗಳೂರು, ಉಡುಪಿ ಕಡೆ ಪ್ರವಾಸ ಹೊರಡುವವರೆಲ್ಲ ಕೇಳುವ ಮೊದಲ ಪ್ರಶ್ನೆ, ಎಲ್ಲೆಲ್ಲಿ ಹೋಗಬೇಕು ಎಂದು. ಕೇಳಬೇಕಾದದ್ದು ಯಾವಾಗ ಬರಬೇಕು ಎಂದು. ಇಲ್ಲಿ ಒಂದೇ ಜಾಗ ಡಿಸೆಂಬರಿನಲ್ಲಿ ಒಂದು ಬಗೆ, ಜುಲೈಯಲ್ಲಿ ಇನ್ನೊಂದು ಬಗೆ. ಅದೇ ಜಾಗ ಬೆಳಿಗ್ಗೆ ಏಳಕ್ಕೆ ತಣ್ಣಗಿರುತ್ತದೆ, ಮಧ್ಯಾಹ್ನ ಒಂದಕ್ಕೆ ಕಾಲಿಡಲಾಗದಷ್ಟು ಸುಡುತ್ತದೆ. ಎರಡು ದಿನ ರಜೆ ಹಾಕಿ, ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಬಂದು, ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಇಲ್ಲ, ಯಕ್ಷಗಾನದ ಆಟ ಇಲ್ಲ, ಭೂತಕೋಲ ಇಲ್ಲ, ಮೀನೂ ಇಲ್ಲ ಎಂದು ಸಪ್ಪಗೆ ತಿರುಗಿ ಹೋಗುವವರನ್ನು ಪ್ರತಿ ಜೂನ್‌ನಲ್ಲೂ ನೋಡುತ್ತೇವೆ. ಇದರಲ್ಲಿ ಊರಿನ ತಪ್ಪಿಲ್ಲ. ಅವರಿಗೆ ತಿಂಗಳ ಲೆಕ್ಕ ಹೇಳುವವರು ಯಾರೂ ಸಿಕ್ಕಿರುವುದಿಲ್ಲ, ಅಷ್ಟೆ.

ಆ ಲೆಕ್ಕ ನಿಂತಿರುವುದು ಪತ್ತನಾಜೆಯ ಮೇಲೆ. ತುಳು ತಿಂಗಳು ಬೇಶದ ಹತ್ತನೇ ದಿನವೇ ಪತ್ತನಾಜೆ. ಇಂಗ್ಲಿಷ್ ತಾರೀಕಿನಲ್ಲಿ ಮೇ 24ರ ಆಸುಪಾಸು ಬೀಳುತ್ತದೆ. 'ಪತ್ತನಾಜೆಗ್ ಪತ್ತ್ ಪನಿ ಬರ್ಸ' ಎನ್ನುತ್ತಾರೆ, ಅಂದರೆ ಅಂದು ಹತ್ತು ಹನಿಯಾದರೂ ಮಳೆ ಬರಬೇಕು. ಯಕ್ಷಗಾನ ಮೇಳಗಳು ಅಂದಿಗೆ ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ, ದೇವಸ್ಥಾನಗಳ ಉತ್ಸವ ಮುಗಿಯುತ್ತದೆ. ಮತ್ತೆ ಶುರುವಾಗುವುದು ದೀಪಾವಳಿ ಕಳೆದ ಮೇಲೆ. ಆದ್ದರಿಂದ ಇಲ್ಲಿಯ ಕುಣಿತ, ಓಟ, ರಥ ನೋಡುವ ಆಸೆ ಇದ್ದವರು ನವೆಂಬರ್ ಕೊನೆಯಿಂದ ಮಾರ್ಚ್ ನಡುವೆ ಬರಬೇಕು. ಅದರಲ್ಲೂ ಡಿಸೆಂಬರ್, ಜನವರಿ ಉತ್ತಮ. ಸೆಕೆ ಕಡಿಮೆ, ಕಡಲು ಶಾಂತ. ಏಪ್ರಿಲ್, ಮೇಯಲ್ಲಿ ಉತ್ಸವಗಳು ಸಾಕಷ್ಟು ಇದ್ದರೂ ಒಂದು ಬಾಟಲಿ ನೀರು ಅರ್ಧ ಗಂಟೆಗೆ ಖಾಲಿಯಾಗುವಂಥ ಬೆವರು.

ಮೊದಲು ಸೇಂಟ್ ಮೇರೀಸ್ ದ್ವೀಪ, ಏಕೆಂದರೆ ಎಲ್ಲರ ಪಟ್ಟಿಯಲ್ಲೂ ಅದೇ ಮೊದಲು. ಉಡುಪಿಯಿಂದ ಮಲ್ಪೆಗೆ ಐದಾರು ಕಿಲೋಮೀಟರ್, ಸಿಟಿ ಬಸ್ಸುಗಳು ಸಾಲಾಗಿ ಉಂಟು. ಮಲ್ಪೆ ಬಂದರಿನ ಕಡೆಯಿಂದಲೂ ಬೀಚ್ ಕಡೆಯಿಂದಲೂ ದೋಣಿ ಹೊರಡುತ್ತದೆ. ಬಂದರಿನ ದೊಡ್ಡ ದೋಣಿ ಜನ ತುಂಬಿದ ಮೇಲೆಯೇ ಹೊರಡುವುದು. ವಾರದ ನಡುವೆ, ಬೆಳಿಗ್ಗೆ ಬೇಗ ಹೋದರೆ ಉಳಿದವರಿಗಾಗಿ ಮುಕ್ಕಾಲು ಗಂಟೆ ಕಾಯಬೇಕಾಗಬಹುದು. ಭಾನುವಾರ ಹೋದರೆ ದೋಣಿ ತಕ್ಷಣ ತುಂಬುತ್ತದೆ, ಆದರೆ ದ್ವೀಪದಲ್ಲಿ ಕಲ್ಲಿಗಿಂತ ಜನವೇ ಹೆಚ್ಚು. ಶುಕ್ರವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಹೋಗುವುದು ಒಳ್ಳೆಯ ನಡುದಾರಿ. ಮಳೆಗಾಲದಲ್ಲಿ ದೋಣಿ ಪೂರ್ತಿ ಬಂದ್. ಮೇ ತಿಂಗಳಲ್ಲೇ ಕಡಲು ಕೆರಳಿದರೆ ಮೊದಲೇ ನಿಲ್ಲಿಸುತ್ತಾರೆ, ಸೆಪ್ಟೆಂಬರ್ ಮುಗಿದ ಮೇಲೂ ಅಲೆ ತಗ್ಗುವವರೆಗೆ ಬಿಡುವುದಿಲ್ಲ. ದ್ವೀಪದ ಬಳಿ ಕೆಲವೊಮ್ಮೆ ದೊಡ್ಡ ದೋಣಿಯಿಂದ ಸಣ್ಣ ದೋಣಿಗೆ ಹತ್ತಿ, ಮೊಣಕಾಲುದ್ದ ನೀರಿಗೆ ಇಳಿಯಬೇಕಾಗುತ್ತದೆ. ಜೀನ್ಸ್ ಹಾಕಿ ಬಂದವರು ದಿನವಿಡೀ ಒದ್ದೆಯಲ್ಲೇ ತಿರುಗುತ್ತಾರೆ.

ಅಲ್ಲಿ ನೋಡಬೇಕಾದದ್ದು ಮರಳಲ್ಲ, ಕಲ್ಲು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತವೂ ಮಡಗಾಸ್ಕರವೂ ಒಂದಕ್ಕೊಂದು ಅಂಟಿಕೊಂಡಿದ್ದು ಬೇರೆಯಾಗುವ ಹೊತ್ತಿನಲ್ಲಿ ಹೊರಬಂದ ಲಾವಾ ಇದು. ಕೆಸರು ಗದ್ದೆ ಒಣಗಿದಾಗ ಮಣ್ಣು ಬಿರುಕು ಬಿಟ್ಟು ಮೂಲೆ ಮೂಲೆಯ ತುಂಡುಗಳಾಗುತ್ತದಲ್ಲ, ಅದೇ ಲೆಕ್ಕ. ಬಿಸಿ ಲಾವಾ ಆರುತ್ತಾ ಕುಗ್ಗುತ್ತದೆ, ಕುಗ್ಗುವಾಗ ಮೇಲಿನಿಂದ ಕೆಳಕ್ಕೆ ಬಿರುಕು ಇಳಿಯುತ್ತದೆ, ಬಿರುಕುಗಳ ನಡುವೆ ಕಂಬಗಳು ಉಳಿಯುತ್ತವೆ. ಹೆಚ್ಚಿನವು ಆರು ಮೂಲೆಯವು. ಎಣಿಸುತ್ತಾ ಹೋದರೆ ಐದು, ಏಳು ಮೂಲೆಯವೂ ಸಿಗುತ್ತವೆ. ಕೆಲವು ಕಂಬಗಳು ನೆಟ್ಟಗೆ ನಿಂತಿವೆ, ಕೆಲವು ಓರೆಯಾಗಿ ಒರಗಿವೆ, ಕೆಲವನ್ನು ಅಲೆ ಅಡ್ಡ ಕತ್ತರಿಸಿ ಮೆಟ್ಟಿಲು ಮಾಡಿಟ್ಟಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಶಿಲುಬೆ ನೆಟ್ಟು ಮೇರಿ ಮಾತೆಯ ಹೆಸರಿಟ್ಟನೆಂಬ ಮಾತು ಊರಲ್ಲೆಲ್ಲ ಇದೆ. ದಡದ ತುಂಬ ಒಡೆದ ಚಿಪ್ಪು ಮತ್ತು ಕಲ್ಲಿಗೆ ಕಚ್ಚಿಕೊಂಡ ಹರಿತ ಚಿಪ್ಪುಜೀವಿಗಳು ಇರುವುದರಿಂದ ಬರಿಗಾಲು ಕೊಯ್ಯುತ್ತದೆ. ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ ಹಾಕಿ. ಹಸಿರು ಪಾಚಿ ಹಿಡಿದ ಕಂಬದ ಮೇಲೆ ಸೆಲ್ಫಿಗೆಂದು ಹತ್ತಬೇಡಿ. ಅಲೆ ಬಡಿಯುವ ಪಶ್ಚಿಮದ ಬದಿಯಲ್ಲಿ ಜಾರಿದವರನ್ನು ಕಲ್ಲಿನ ಸಂದಿನಿಂದ ಎತ್ತುವುದು ತುಂಬ ಕಷ್ಟ. ಲೈಫ್‌ಗಾರ್ಡ್ ಸೀಟಿ ಊದುವುದು ಅದಕ್ಕೇ. ದ್ವೀಪ ಸುತ್ತಲು ಒಂದು ಗಂಟೆ ಸಾಕು. ನೆರಳು ಕಡಿಮೆ, ರಾತ್ರಿ ಉಳಿಯಲು ಬಿಡುವುದಿಲ್ಲ. ಕೊಡೆ ಅಥವಾ ಟೊಪ್ಪಿ ಮರೆತರೆ ಆ ಒಂದು ಗಂಟೆಯೂ ದೀರ್ಘ.

ಮಲ್ಪೆಯಲ್ಲಿ ಸಮಯ ಉಳಿದರೆ ವಡಭಾಂಡೇಶ್ವರದ ಬಲರಾಮ ದೇವಸ್ಥಾನಕ್ಕೆ ಹೋಗಿ ಬನ್ನಿ. ದ್ವಾರಕೆಯಿಂದ ಬಂದ ಹಡಗಿನಲ್ಲಿ, ಗೋಪೀಚಂದನದ ಹೆಂಟೆಯೊಳಗಿದ್ದ ಕೃಷ್ಣನನ್ನು ಮಧ್ವಾಚಾರ್ಯರು ಬರಮಾಡಿಕೊಂಡದ್ದು ಈ ಕಡಲ ತಡಿಯಲ್ಲೇ ಎಂಬುದು ಪರಂಪರೆಯ ಕಥೆ. ಅದನ್ನು ಕೇಳಿಕೊಂಡು ಉಡುಪಿಗೆ ಹೋದರೆ ಮಠದಲ್ಲಿ ಕಾಣುವ, ಕೈಯಲ್ಲಿ ಕಡೆಗೋಲು, ಹಗ್ಗ ಹಿಡಿದ ಮೂರ್ತಿ ಎಲ್ಲಿಂದ ಬಂತು ಎಂದು ಬೇರೆ ಹೇಳಬೇಕಾಗುವುದಿಲ್ಲ.

ಕೃಷ್ಣ ಮಠಕ್ಕೆ ಹೋಗುವ ಕ್ರಮ ಹೀಗೆ. ಮೊದಲು ರಥಬೀದಿಯ ಚಂದ್ರಮೌಳೀಶ್ವರ, ಆಮೇಲೆ ಅನಂತೇಶ್ವರ, ಕೊನೆಗೆ ಕೃಷ್ಣ. ನೇರ ಕೃಷ್ಣನ ಸಾಲಿಗೆ ಓಡುವವರು ಆ ಎರಡು ಹಳೆಯ ಗುಡಿಗಳನ್ನು ಕಳೆದುಕೊಳ್ಳುತ್ತಾರೆ, ಮತ್ತು ಅವೇ ಈ ಬೀದಿಯ ಹಿರಿಯರು. ಗಂಡಸರು ಒಳಗೆ ಅಂಗಿ, ಬನಿಯನ್ ತೆಗೆಯಬೇಕು. ಹೆಗಲಿಗೆ ಒಂದು ಶಾಲು ಇಟ್ಟುಕೊಂಡರೆ ಅನುಕೂಲ. ದರ್ಶನ ಬಾಗಿಲಿನಿಂದ ಅಲ್ಲ, ಬೆಳ್ಳಿ ಹೊದಿಸಿದ ಒಂಬತ್ತು ತೂತಿನ ನವಗ್ರಹ ಕಿಂಡಿಯಿಂದ. ಕಣ್ಣು ಹೊಂದಿಕೊಳ್ಳಲು ಎರಡು ಮೂರು ಸೆಕೆಂಡು ಬೇಕು. ಬಿಸಿಲಿನಿಂದ ಬಂದವರಿಗೆ ಮೊದಲು ಕಾಣುವುದು ಬರೀ ಕತ್ತಲೆ, ಅಷ್ಟರಲ್ಲಿ ಹಿಂದಿನವರು ತಳ್ಳುತ್ತಾರೆ. ಸಾಲಿನಲ್ಲಿರುವಾಗಲೇ ಹೊರಗಿನ ಬೆಳಕು ನೋಡದೆ ಒಳಗಿನ ಕಡೆ ದೃಷ್ಟಿ ಇಟ್ಟಿರಿ, ದೀಪದ ಬೆಳಕಿನಲ್ಲಿ ಮೂರ್ತಿ ಸ್ಪಷ್ಟ ಕಾಣುತ್ತದೆ. ಕೃಷ್ಣ ಪಶ್ಚಿಮಕ್ಕೆ ಮುಖ ಮಾಡಿದ್ದಾನೆ. ಹೊರಗಿನ ಕನಕನ ಕಿಂಡಿಯಿಂದ ಕನಕದಾಸರಿಗೆ ದರ್ಶನ ಕೊಡಲು ತಿರುಗಿದ ಎಂದು ಇಲ್ಲಿಯ ನಂಬಿಕೆ. ಸಾಲಿನಲ್ಲಿ ನಿಲ್ಲಲಾಗದ ವಯಸ್ಸಾದವರಿಗೆ ಆ ಕಿಂಡಿಯೇ ಸಾಕು.

ಎರಡು ಎಚ್ಚರಿಕೆ. ಏಕಾದಶಿಯಂದು ಮಠದಲ್ಲಿ ಊಟ ಇರುವುದಿಲ್ಲ. ಭೋಜನಶಾಲೆಯ ಊಟವನ್ನೇ ನಂಬಿ ಮಕ್ಕಳನ್ನು ಹಸಿದು ಕರೆತರುವ ಮುನ್ನ ಕ್ಯಾಲೆಂಡರ್ ನೋಡಿ. ಎರಡನೆಯದು, ಮಳೆಗಾಲದಲ್ಲಿ ಎಂದಿನ ರಥೋತ್ಸವ ಇಲ್ಲ. ಕಾರ್ತಿಕದ ಉತ್ಥಾನ ದ್ವಾದಶಿಯ ನಂತರ, ಲಕ್ಷದೀಪೋತ್ಸವದೊಂದಿಗೆ ತೇರು ಮತ್ತೆ ಬೀದಿಗಿಳಿಯುತ್ತದೆ. ರಥಬೀದಿಯ ಉದ್ದಕ್ಕೂ ಹಣತೆ ಹಚ್ಚಿದ ಆ ಸಂಜೆಗಳು ನವೆಂಬರಿನಲ್ಲಿ ಬರುತ್ತವೆ. ಜನವರಿ 14ರ ಮಕರ ಸಂಕ್ರಾಂತಿಗೆ ಮೂರು ತೇರು ಒಟ್ಟಿಗೆ ಎಳೆಯುತ್ತಾರೆ. ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯ ನೋಡಬೇಕೆನ್ನುವವರಿಗೆ ತಾರೀಕು ಖಚಿತ: ಎರಡು ವರ್ಷಕ್ಕೊಮ್ಮೆ, ಸಮ ಸಂಖ್ಯೆಯ ವರ್ಷ, ಜನವರಿ 18, ಅದೂ ನಸುಕಿನಲ್ಲಿ. ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶೀರೂರು, ಸೋದೆ, ಕಾಣಿಯೂರು, ಪೇಜಾವರ, ಹೀಗೆ ಎಂಟು ಮಠಗಳ ಸರದಿ. 2026ರ ಜನವರಿಯಲ್ಲಿ ಸರದಿ ಶೀರೂರು ಮಠದ್ದು, ಮುಂದಿನದು 2028ರಲ್ಲಿ. ಆ ರಾತ್ರಿ ಜೋಡುಕಟ್ಟೆಯಿಂದ ಮೆರವಣಿಗೆ ಹೊರಡುತ್ತದೆ. ಲಾಡ್ಜುಗಳಲ್ಲಿ ಕೋಣೆ ತಿಂಗಳುಗಳ ಮೊದಲೇ ಮುಗಿದಿರುತ್ತದೆ, ಮಣಿಪಾಲದಲ್ಲಿ ಹುಡುಕಿ. ಪರ್ಯಾಯಕ್ಕೆ ಬಾರದಿದ್ದರೂ ಮಧ್ವಸರೋವರದ ಬದಿಗೆ ಹೋಗಿ ಕಟ್ಟಿಗೆ ರಥ ನೋಡಿ. ಅಡುಗೆಯ ಸೌದೆಯನ್ನು ತೇರಿನ ಆಕಾರದಲ್ಲಿ ಪೇರಿಸಿಟ್ಟದ್ದು. ಸೌದೆಯನ್ನೂ ಇಷ್ಟು ಚಂದ ಮಾಡಿ ಇಡುವ ಊರು ಇದು.

ಊಟ, ತಿಂಡಿಗೆ ರಥಬೀದಿಯ ಸುತ್ತಲೇ ಬೇಕಾದಷ್ಟು ಹೋಟೆಲುಗಳು. ಬೆಳಿಗ್ಗೆ ಬನ್ಸ್, ಸಂಜೆ ಗೋಳಿಬಜೆ. ಬನ್ಸ್ ಎಂದರೆ ಬೇಕರಿಯ ಬನ್ನು ಅಲ್ಲ. ಕಳಿತ ಬಾಳೆಹಣ್ಣು ಹಿಚುಕಿ ಮೈದಾದಲ್ಲಿ ಕಲಸಿ, ರಾತ್ರಿ ಹುದುಗಲು ಬಿಟ್ಟು, ದಪ್ಪ ಪೂರಿಯಂತೆ ಲಟ್ಟಿಸಿ ಕರಿದದ್ದು. ಆದ್ದರಿಂದಲೇ ಅದು ಬೆಳಗಿನ ತಿಂಡಿ, ಹನ್ನೊಂದು ಗಂಟೆಗೆ ಕೇಳಿದರೆ ಮುಗಿದಿರುತ್ತದೆ. ಗೋಳಿಬಜೆ ಬಿಸಿ ಇರುವಾಗಲೇ ತಿನ್ನಬೇಕು, ಆರಿದರೆ ರಬ್ಬರ್.

ಕಂಬಳ ನೋಡಲು ಬಯಸುವವರಿಗೆ ಸ್ವಲ್ಪ ವಿವರ ಬೇಕು. ತಿಳಿಯದೆ ಹೋದರೆ ಅದು ಬರೀ ಕೆಸರೆರಚಾಟದಂತೆ ಕಾಣುತ್ತದೆ. ಕಾಲ ನವೆಂಬರಿನಿಂದ ಮಾರ್ಚ್ ಅಥವಾ ಏಪ್ರಿಲ್, ವಾರಾಂತ್ಯಕ್ಕೊಂದು ಊರು. ಶನಿವಾರ ಬೆಳಿಗ್ಗೆ ಶುರುವಾದರೆ ಭಾನುವಾರದವರೆಗೂ, ರಾತ್ರಿಯಿಡೀ ದೀಪದ ಬೆಳಕಿನಲ್ಲಿ ನಡೆಯುತ್ತದೆ. ಎರಡು ಸಮಾಂತರ ಕೆಸರಿನ ಓಟದ ದಾರಿಗೆ ಜೋಡುಕರೆ ಎನ್ನುತ್ತಾರೆ. ಕರೆಗಳಿಗೆ ಹೆಸರೂ ಉಂಟು: ಮಿಯ್ಯಾರಿನಲ್ಲಿ ಲವ ಕುಶ, ಪುತ್ತೂರಿನಲ್ಲಿ ಕೋಟಿ ಚೆನ್ನಯ, ಐಕಳದಲ್ಲಿ ಕಾಂತಾಬಾರೆ ಬೂದಾಬಾರೆ, ಕಟಪಾಡಿಯಲ್ಲಿ ಮೂಡು ಪಡು. ಕೋಣಗಳು ಬಿಡುವ ತುದಿ ಗಂತು, ತಲುಪುವ ತುದಿ ಮಂಜೊಟ್ಟಿ. ಹಗ್ಗ ವಿಭಾಗದಲ್ಲಿ ಕೋಣ ಓಡಿಸುವವನಿಗೆ ಹಗ್ಗ ಒಂದೇ ಆಸರೆ, ಬರಿಗಾಲಲ್ಲಿ ಕೋಣದ ವೇಗಕ್ಕೆ ಓಡಬೇಕು. ನೇಗಿಲು ವಿಭಾಗದಲ್ಲಿ ನೊಗಕ್ಕೆ ಹಗುರ ನೇಗಿಲು ಕಟ್ಟಿರುತ್ತದೆ. ಅಡ್ಡ ಹಲಗೆಯಲ್ಲಿ ಹಲಗೆಯ ಮೇಲೆ ನಿಂತು ಸಾಗುತ್ತಾನೆ. ಎಲ್ಲಕ್ಕಿಂತ ಸೊಗಸು ಕನೆಹಲಗೆ. ತೂತಿರುವ ಹಲಗೆಯ ಮೇಲೆ ಒಂದು ಕಾಲೂರಿ ನಿಂತಿರುತ್ತಾನೆ, ಕೋಣ ಓಡಿದಂತೆ ತೂತಿನಿಂದ ನೀರು ಕಾರಂಜಿಯಾಗಿ ಮೇಲಕ್ಕೆ ಚಿಮ್ಮುತ್ತದೆ. ಕರೆಯ ಮೇಲೆ ಆರೂವರೆ ಕೋಲು, ಏಳೂವರೆ ಕೋಲು (ಕೋಲು ಇಲ್ಲಿಯ ಅಳತೆ) ಎತ್ತರದಲ್ಲಿ ಬಿಳಿ ಬಟ್ಟೆಯ ನಿಶಾನೆ ಕಟ್ಟಿರುತ್ತಾರೆ. ಇಲ್ಲಿ ಗೆಲುವಿಗೆ ವೇಗ ಮುಖ್ಯವಲ್ಲ, ನೀರು ನಿಶಾನೆಗೆ ತಾಗಬೇಕು.

ನಿಲ್ಲುವ ಜಾಗ ಮುಖ್ಯ. ಮಂಜೊಟ್ಟಿಯ ನೇರಕ್ಕೆ ಎಂದಿಗೂ ನಿಲ್ಲಬೇಡಿ. ಓಟ ಮುಗಿದ ಮೇಲೂ ಕೋಣ ತಕ್ಷಣ ನಿಲ್ಲುವುದಿಲ್ಲ, ಏರು ಹತ್ತಿ ಜನರ ನಡುವೆ ನುಗ್ಗುತ್ತದೆ. ಕರೆಯ ಬದಿಯಲ್ಲಿ, ಮಂಜೊಟ್ಟಿಗೆ ಇಪ್ಪತ್ತು ಮೂವತ್ತು ಹೆಜ್ಜೆ ಮೊದಲು ನಿಂತರೆ ಓಟದ ಕೊನೆಯ ಬಿರುಸು ಚೆನ್ನಾಗಿ ಕಾಣುತ್ತದೆ, ಕೆಸರು ಮೈಮೇಲೆ ಬೀಳುತ್ತದೆ, ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಹೊದಿಕೆ ಇರಲಿ. ಹಗಲು ಪ್ರಾಥಮಿಕ ಸುತ್ತುಗಳು, ಬಿಸಿಲು ಬೇರೆ. ರಾತ್ರಿ ಎಂಟರ ಮೇಲೆ ಹೋಗುವುದು ಉತ್ತಮ, ಫೈನಲ್ ಬೇಕಾದರೆ ಭಾನುವಾರ ಬೆಳಗಿನ ಜಾವಕ್ಕೆ ಕಾಯಬೇಕು. ಪ್ರಾಣಿಹಿಂಸೆಯ ಪ್ರಶ್ನೆ ಇಟ್ಟುಕೊಂಡು ಬರುವವರೂ ಇದ್ದಾರೆ, ಅದು ನ್ಯಾಯವಾದ ಪ್ರಶ್ನೆ. 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ನಿಂತುಹೋಗಿದ್ದ ಕಂಬಳ, ರಾಜ್ಯ ಕಾನೂನು ತಿದ್ದುಪಡಿ ತಂದ ಮೇಲೆ ಮರಳಿತು. 2023ರ ಮೇಯಲ್ಲಿ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕೋಣ ಸಾಕುವ ಮನೆಗೆ ಹಗಲು ಒಮ್ಮೆ ಹೋಗಿ ನೋಡಿದರೆ ಅವಕ್ಕೆ ಎಣ್ಣೆ ತಿಕ್ಕುವುದು, ಹುರುಳಿ ಬೇಯಿಸಿ ಹಾಕುವುದು, ಈಜಲು ಕೆರೆಗೆ ಬಿಡುವುದು ಎಲ್ಲ ಕಾಣುತ್ತದೆ. ನಂತರ ನಿಮ್ಮದೇ ತೀರ್ಮಾನಕ್ಕೆ ಬನ್ನಿ.

ಯಕ್ಷಗಾನಕ್ಕೆ ಟಿಕೆಟ್ ಹುಡುಕಬೇಡಿ. ಕಟೀಲು, ಮಂದಾರ್ತಿಯಂಥ ಮೇಳಗಳ ಆಟ ಹೆಚ್ಚಾಗಿ ಹರಕೆಯ ಆಟ, ಯಾರದೋ ಮನೆಯವರು ಸೇವೆ ಆಡಿಸುತ್ತಾರೆ, ಗದ್ದೆಯಲ್ಲಿ ರಂಗಸ್ಥಳ, ಯಾರು ಬೇಕಾದರೂ ಹೋಗಿ ಕುಳಿತುಕೊಳ್ಳಬಹುದು. ಇಂದು ಎಲ್ಲಿ ಆಟ ಎಂದು ಊರ ಪತ್ರಿಕೆಯ 'ಇಂದಿನ ಯಕ್ಷಗಾನ' ಅಂಕಣದಲ್ಲಿ ಇರುತ್ತದೆ, ರಿಕ್ಷಾದವರಿಗೂ ಗೊತ್ತಿರುತ್ತದೆ. ಆಟದಲ್ಲಿ ಎರಡು ಶೈಲಿ: ಮಂಗಳೂರು ಕಡೆ ತೆಂಕುತಿಟ್ಟು, ಉಡುಪಿಯಿಂದ ಉತ್ತರಕ್ಕೆ ಬಡಗುತಿಟ್ಟು. ತೆಂಕಿನಲ್ಲಿ ಚೆಂಡೆಯವರು ನಿಂತು ಬಾರಿಸುತ್ತಾರೆ, ರಾಜವೇಷಕ್ಕೆ ಕಿರೀಟ. ಬಡಗಿನಲ್ಲಿ ಚಂಡೆಯವರು ಕುಳಿತಿರುತ್ತಾರೆ, ವೀರವೇಷಕ್ಕೆ ಕೇದಗೆ ಮುಂದಲೆ, ಮುಂಡಾಸು. ಈಗ ಬಹುಪಾಲು ಕಾಲಮಿತಿ ಆಟಗಳು, ನಡುರಾತ್ರಿಗೆ ಮುಗಿಯುತ್ತವೆ. ಬೆಳಗಿನವರೆಗೆ ನಡೆಯುವ ಆಟ ಸಿಕ್ಕರೆ ಬಿಡಬೇಡಿ.

ಭಾಷೆ ಗೊತ್ತಿಲ್ಲದವರಿಗೂ ಒಂದು ದಾರಿ ಹೇಳುತ್ತೇನೆ. ಆಟಕ್ಕೆ ಎರಡು ಗಂಟೆ ಮೊದಲು ಹೋಗಿ, ಅನುಮತಿ ಕೇಳಿ, ವೇಷ ಕಟ್ಟುವ ಜಾಗವಾದ ಚೌಕಿಯ ಒಂದು ಮೂಲೆಯಲ್ಲಿ ಸುಮ್ಮನೆ ಕೂತುಕೊಳ್ಳಿ. ಬಣ್ಣದ ವೇಷದವರು (ರಾಕ್ಷಸ ಪಾತ್ರದವರು) ಕನ್ನಡಿ ಹಿಡಿದು ಮುಖಕ್ಕೆ ಚಿಟ್ಟಿ ಇಡುವುದನ್ನು ನೋಡಿ. ಅಕ್ಕಿಹಿಟ್ಟು, ಸುಣ್ಣ ಕಲಸಿದ ಮುದ್ದೆಯನ್ನು ಕಡ್ಡಿಯ ತುದಿಯಿಂದ ಒಂದೊಂದೇ ಚುಕ್ಕಿಯಾಗಿ ಇಡುತ್ತಾರೆ. ಒಂದು ಸಾಲು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು, ಹಾಗೆ ಮುಳ್ಳು ಮುಳ್ಳಾಗಿ ಮುಖ ಬೆಳೆಯುತ್ತದೆ. ಹಿಟ್ಟು ತೆಳುವಾದರೆ ಚುಕ್ಕಿ ಇಳಿದುಹೋಗುತ್ತದೆ, ಗಟ್ಟಿಯಾದರೆ ಒಣಗಿ ಉದುರುತ್ತದೆ. ಅಷ್ಟು ಹೊತ್ತು ಆತ ನಗುವಂತಿಲ್ಲ, ಮಾತಾಡುವಂತಿಲ್ಲ. ಅವರ ಕೈ ಅಲುಗಿಸುವಂತೆ ಮೈಮೇಲೆ ಬಗ್ಗಿ ಫೋಟೋ ತೆಗೆಯಬೇಡಿ. ದೇವರ ಪೆಟ್ಟಿಗೆ ಇಡುವ ಜಾಗ ಅದು, ಚಪ್ಪಲಿ ಹೊರಗೇ ಇರಲಿ.

ಭೂತಕೋಲದ ವಿಷಯಕ್ಕೆ ಬಂದರೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ. ಕೋಲ ಪ್ರದರ್ಶನ ಅಲ್ಲ, ಆರಾಧನೆ. ಹಣ ಕೊಟ್ಟರೆ ತೋರಿಸುತ್ತೇವೆ ಎನ್ನುವವರ ಬಳಿ ಹೋಗಬೇಡಿ. ಊರಿನ ಯಾರಾದರೂ ಪರಿಚಯದವರ ಜೊತೆ ಹೋಗಿ. ದೈವದ ಒಡವೆ, ಆಯುಧಗಳ ಭಂಡಾರ ಇಳಿಯುವುದರಿಂದ ಶುರುವಾಗಿ, ಎಣ್ಣೆ ಬೂಳ್ಯ (ಎಣ್ಣೆ, ವೀಳ್ಯ) ಕೊಟ್ಟು, ಮುಖಕ್ಕೆ ಅರದಾಳದ ಹಳದಿ ಹಚ್ಚಿ, ಕಾಲಿಗೆ ಗಗ್ಗರ ಕಟ್ಟಿ, ಬೆನ್ನಿಗೆ ಪ್ರಭಾವಳಿಯಂಥ ಅಣಿ ಏರುವವರೆಗೆ ಗಂಟೆಗಟ್ಟಲೆ ಹಿಡಿಯುತ್ತದೆ. ದೈವದ ಕಥೆ ಹೇಳುವ ಪಾಡ್ದನ ಹಾಡುವ ಹೊತ್ತು ಅದು, ಅಲ್ಲಿ ಮಾತು ಬೇಡ. ಎಳೆಯ ತೆಂಗಿನ ಗರಿಯ ಸಿರಿ ಕಟ್ಟಿರುವುದರಿಂದ, ದೊಂದಿ ಹಿಡಿದು ಕುಣಿಯುವಾಗ ಹತ್ತಿರ ನುಗ್ಗಿದರೆ ಕಿಡಿ ಹಾರಿ ಅಪಾಯ. ವಿಡಿಯೋ ಮಾಡಬಹುದೇ ಎಂದು ಮನೆಯವರನ್ನು ಕೇಳಿ. ಬೇಡ ಎಂದರೆ ಫೋನ್ ಕಿಸೆಯಲ್ಲೇ ಇರಲಿ. ದೈವದ ಕೂಗನ್ನು, ನಡೆಯನ್ನು ಅಣಕಿಸಿ ರೀಲ್ಸ್ ಮಾಡುವುದು ಈಚೆಗೆ ಹೆಚ್ಚಾಗಿದೆ. ಇದರಿಂದ ಇಲ್ಲಿಯ ಜನರಿಗೆ ನಿಜವಾಗಿಯೂ ನೋವಾಗುತ್ತದೆ. ಗಂಧ ಪ್ರಸಾದ ಕೊಟ್ಟರೆ ಎರಡೂ ಕೈಯಲ್ಲಿ ತೆಗೆದುಕೊಳ್ಳಿ.

ಮಂಗಳೂರು ಪೇಟೆಗೆ ಅರ್ಧ ದಿನ ಕೊಟ್ಟರೂ ಸಂತ ಅಲೋಶಿಯಸ್ ಚಾಪೆಲ್ ಬಿಡಬಾರದು. ಇಟಲಿಯ ಜೆಸ್ವಿಟ್ ಸಹೋದರ ಆಂಟೋನಿಯೊ ಮೊಸ್ಕೇನಿ 1899ರಿಂದ ಎರಡು ವರ್ಷ ದುಡಿದು ಗೋಡೆ, ಮಾಡು (ಛಾವಣಿ) ಎರಡನ್ನೂ ಚಿತ್ರಗಳಿಂದ ತುಂಬಿಸಿದ್ದಾರೆ. ಗೋಡೆಯವು ಭಿತ್ತಿಚಿತ್ರಗಳು. ಹಸಿ ಸುಣ್ಣದ ಗಾರೆ ಒಣಗುವ ಮೊದಲು ಬಣ್ಣ ಹಚ್ಚಬೇಕು, ಅಷ್ಟರಲ್ಲಿ ಮುಗಿಯದಿದ್ದರೆ ಆ ತುಂಡು ಕೆತ್ತಿ ತೆಗೆದು ಮತ್ತೆ ಹಾಕಬೇಕು. ಮಾಡಿನಲ್ಲಿರುವವು ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳು. ಬೆಂಚಿನ ಮೇಲೆ ಕುಳಿತು ತಲೆ ಹಿಂದಕ್ಕೆ ಒರಗಿಸಿ ನೋಡಿ, ನಿಂತು ನೋಡಿದರೆ ಐದು ನಿಮಿಷಕ್ಕೆ ಕುತ್ತಿಗೆ ನೋಯುತ್ತದೆ. ಬಲಿಪೂಜೆ (ಚರ್ಚಿನ ಪ್ರಾರ್ಥನಾ ಪೂಜೆ) ನಡೆಯುವಾಗ ಸುತ್ತಾಡಲು ಹೋಗಬೇಡಿ. ಅಲ್ಲಿಂದ ಕದ್ರಿ ದೂರವಿಲ್ಲ. ಮಂಜುನಾಥ ದೇವಸ್ಥಾನದ ಕಂಚಿನ ಲೋಕೇಶ್ವರ ಮೂರ್ತಿಯನ್ನು 968ರಲ್ಲಿ ಆಳುಪ ದೊರೆ ಕುಂದವರ್ಮ ಪ್ರತಿಷ್ಠಾಪಿಸಿದ್ದು. ಸಾವಿರ ವರ್ಷ ಕಳೆದರೂ ಲೋಹದ ಮುಖದಲ್ಲಿ ಆ ಶಾಂತಿ ಹಾಗೇ ಇದೆ. ಸಂಜೆಗೆ ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಿ, ಅಲ್ಲಿಂದ ಫಲ್ಗುಣಿ ನದಿ ದಾಟುವ ದೋಣಿಯಲ್ಲಿ ತಣ್ಣೀರುಬಾವಿ ಬೀಚಿಗೆ ಹೋಗಬಹುದು. ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಹೋಗುವಾಗಲೇ ಕೇಳಿಟ್ಟುಕೊಳ್ಳಿ, ಇಲ್ಲದಿದ್ದರೆ ರಸ್ತೆಯಲ್ಲಿ ದೊಡ್ಡ ಸುತ್ತು. ಪಿಲಿಕುಳಕ್ಕೆ ಸೋಮವಾರ ಹೋಗಬೇಡಿ, ಮೃಗಾಲಯಕ್ಕೆ ರಜೆ. ನವರಾತ್ರಿಯಲ್ಲಿ ಬಂದವರಿಗೆ ಕುದ್ರೋಳಿಯ ದಸರಾ, ಪಿಲಿವೇಷ (ಹುಲಿವೇಷ) ಎರಡೂ ಸಿಗುತ್ತವೆ.

ಹೋಗಿ ಬರುವ ದಾರಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮಂಗಳೂರಿನಲ್ಲಿ ಎರಡು ರೈಲು ನಿಲ್ದಾಣ, ಸೆಂಟ್ರಲ್ ಮತ್ತು ಜಂಕ್ಷನ್. ಕೊಂಕಣ ರೈಲ್ವೆಯ ಎಷ್ಟೋ ದೂರದ ರೈಲುಗಳು ಪಡೀಲಿನ ಬಳಿಯ ಜಂಕ್ಷನ್ನಿನಲ್ಲಿ ಮಾತ್ರ ನಿಲ್ಲುತ್ತವೆ. ಟಿಕೆಟಿನಲ್ಲಿ ಯಾವುದು ಬರೆದಿದೆ ಎಂದು ನೋಡದೆ ರಿಕ್ಷಾ ಹತ್ತಿ ರೈಲು ತಪ್ಪಿಸಿಕೊಂಡವರು ಬಹಳ. ಮಂಗಳೂರು, ಉಡುಪಿ ನಡುವೆ ಖಾಸಗಿ ಬಸ್ಸುಗಳೇ ರಾಜ. ಎಕ್ಸ್‌ಪ್ರೆಸ್ ಎಂದು ಬೋರ್ಡಿರುವುದನ್ನು ಹತ್ತಿದರೆ ಒಂದೂಕಾಲು, ಒಂದೂವರೆ ಗಂಟೆ. ಸರ್ವಿಸ್ ಬಸ್ಸು ಸಿಕ್ಕಿದ ಕಡೆಯಲ್ಲೆಲ್ಲ ನಿಲ್ಲುತ್ತದೆ. ಸ್ಟೇಟ್ ಬ್ಯಾಂಕ್ ಎಂದರೆ ಇಲ್ಲಿ ಬಸ್ ನಿಲ್ದಾಣ ಎಂದರ್ಥ. ಸರಕಾರಿ ಬಸ್ಸು ಬೇಕಾದರೆ ಬಿಜೈಗೆ ಹೋಗಬೇಕು. ಹಗಲು ಹೊತ್ತಿನ ಬೆಂಗಳೂರು ರೈಲು ಸಿಕ್ಕರೆ ಸಕಲೇಶಪುರ, ಸುಬ್ರಹ್ಮಣ್ಯ ರೋಡ್ ನಡುವಿನ ಘಾಟಿ, ಅದರ 57 ಸುರಂಗಗಳು ಪ್ರಯಾಣವನ್ನೇ ಪ್ರವಾಸ ಮಾಡುತ್ತವೆ.

ಮೀನಿಗಾಗಿ ಬರುವವರು ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ನೆನಪಿಡಿ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಮೀನು ಮೊಟ್ಟೆಯಿಡುವ ಕಾಲ. ಆಗ ಹೋಟೆಲಿನ ಅಂಜಲ್ ಬಹುಪಾಲು ಐಸಿನಲ್ಲಿ ಕೂತು ಬಂದದ್ದು. ನಾಡದೋಣಿಯವರು ತಂದ ಅಷ್ಟಿಷ್ಟು ಸಿಕ್ಕರೆ ಅದೃಷ್ಟ. ಉಳಿದ ತಿಂಗಳಲ್ಲಿ ಮಂಗಳೂರಿನ ದಕ್ಕೆಗೋ ಮಲ್ಪೆ ಬಂದರಿಗೋ ಬೆಳಿಗ್ಗೆ ಹೋದರೆ ಏಲಂ ನೋಡಬಹುದು, ಜಾರದ ಚಪ್ಪಲಿ ಇರಲಿ. ಊಟಕ್ಕೆ ಬಂಗುಡೆ ಪುಳಿಮುಂಚಿ, ಕಾಣೆ ರವಾ ಫ್ರೈ, ಮರುವಾಯಿ ಸುಕ್ಕ, ನೀರುದೋಸೆ. ಕೋರಿ ರೊಟ್ಟಿ (ಕೋಳಿ ಸಾರು, ಗರಿಗರಿ ಅಕ್ಕಿರೊಟ್ಟಿ) ಹೇಳಿದರೆ ರೊಟ್ಟಿಯನ್ನು ಪೂರ್ತಿ ಒಮ್ಮೆಲೇ ಸಾರಿನಲ್ಲಿ ಮುಳುಗಿಸಬೇಡಿ, ಅರ್ಧ ಮುರಿದು ಹಾಕಿ, ಅದು ಮೆತ್ತಗಾಗುವಷ್ಟರಲ್ಲಿ ಉಳಿದರ್ಧ ಗರಿಗರಿಯಾಗಿ ಕೈಯಲ್ಲಿರಬೇಕು.

ಇಷ್ಟು ಹೇಳಿದ ಮೇಲೂ ರಜೆ ಸಿಗುವುದು ಜುಲೈಯಲ್ಲೇ ಎನ್ನುವವರಿಗೆ, ಬನ್ನಿ. ಕಡಲಿಗೆ ಮಾತ್ರ ಇಳಿಯಬೇಡಿ. ಮಳೆಗಾಲದಲ್ಲಿ ದಡದ ಸೆಳೆತ ಸೊಂಟದುದ್ದ ನೀರಿನಲ್ಲೇ ಕಾಲು ಎಳೆಯುತ್ತದೆ, ಈಜು ಬಲ್ಲವರೂ ಹೋಗಿದ್ದಾರೆ. ಜಲಪಾತಗಳ ಚಾರಣವೂ ಬೇಡ, ಹೆಬ್ರಿ ಕಡೆಯ ಕೂಡ್ಲು ತೀರ್ಥಕ್ಕೆ ಮಳೆ ಇಳಿದ ಅಕ್ಟೋಬರ್, ನವೆಂಬರ್ ಸರಿ. ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಮನೆಗಳಲ್ಲಿ ಪತ್ರೊಡೆ, ಕಣಿಲೆ (ಕಳಲೆ) ಗಸಿ, ಹಲಸಿನ ಎಲೆಯ ಕೊಟ್ಟೆಕಡುಬು. ಆಟಿ ಅಮಾವಾಸ್ಯೆಯಂದು ಪಾಲೆ (ಹಾಲೆ) ಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ಅದನ್ನು ಬಲ್ಲವರ ಮನೆಯಲ್ಲಿ ಕೊಟ್ಟರೆ ಮಾತ್ರ ಕುಡಿಯಿರಿ, ನೀವೇ ತೊಗಟೆ ಕೆತ್ತಲು ಹೋಗಬೇಡಿ. ಕತ್ತಲಲ್ಲಿ ತಪ್ಪಿ ಕಾಸರಕನ ಮರದ್ದು ತಂದರೆ ಪ್ರಾಣಕ್ಕೇ ಕುತ್ತು.

ಮಳೆಯಲ್ಲೇ ನೋಡಬೇಕಾದ ಜಾಗ ಎಂದರೆ ಬಸದಿಗಳು. ಮಂಗಳೂರಿನಿಂದ ಬೆಳಿಗ್ಗೆ ಹೊರಟು ಸುಮಾರು 35 ಕಿಲೋಮೀಟರ್ ಮೂಡಬಿದಿರೆ, ಅಲ್ಲಿಂದ ಹದಿನೆಂಟು ಇಪ್ಪತ್ತು ಕಿಲೋಮೀಟರ್ ಕಾರ್ಕಳ. ಬಿಡುವಿದ್ದರೆ ಹೆಬ್ರಿ ರಸ್ತೆಯಲ್ಲಿ ವರಂಗದ ಕೆರೆ ಬಸದಿ. ಕೆರೆಯ ನಡುವಿನ ಆ ಬಸದಿಗೆ ಸಣ್ಣ ದೋಣಿಯೇ ದಾರಿ, ಗಾಳಿ ಜೋರಿದ್ದರೆ ಬಿಡುವುದಿಲ್ಲ. ಕಾರ್ಕಳದಲ್ಲಿ 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಗೊಮ್ಮಟ. ಎದುರಿಗೆ 1586ರ ಚತುರ್ಮುಖ ಬಸದಿ, ಯಾವ ದಿಕ್ಕಿನಿಂದ ಬಂದರೂ ಒಂದೇ ಮುಖ. ಗೊಮ್ಮಟನ ಬೆಟ್ಟಕ್ಕೆ ಬೇಸಿಗೆಯ ಮಧ್ಯಾಹ್ನ ಹೋಗುವವರು ಬರಿಗಾಲಲ್ಲಿ ಬಂಡೆಯ ಮೇಲೆ ಕುಣಿಯಬೇಕಾಗುತ್ತದೆ, ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕೂವರೆಯ ಮೇಲೆ ಹತ್ತಿ. ಮಳೆಯಲ್ಲಿ ಆ ಕಷ್ಟವಿಲ್ಲ, ಜಾರುವ ಭಯ ಮಾತ್ರ. ವೇಣೂರಿನ 35 ಅಡಿಯ ಗೊಮ್ಮಟ 1604ರದ್ದು, ಅದು ನದಿಯ ಬದಿಯ ಸಮತಟ್ಟು ಜಾಗದಲ್ಲಿದೆ. ಹತ್ತಲಾಗದವರನ್ನು ಅಲ್ಲಿಗೆ ಕರೆದೊಯ್ಯಿರಿ.

ಮೂಡಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು. ಒಂದು ಕಂಬದಂತೆ ಇನ್ನೊಂದಿಲ್ಲ ಎನ್ನುವುದನ್ನು ಎಲ್ಲರೂ ಹೇಳುತ್ತಾರೆ, ಎಲ್ಲರೂ ಕಂಬಗಳನ್ನೇ ನೋಡುತ್ತಾರೆ. ಮುಂದಿನ ಭೈರಾದೇವಿ ಮಂಟಪದ ಜಗಲಿಯ ಬದಿಗೆ ಕುಕ್ಕರಗಾಲಲ್ಲಿ ಕುಳಿತು ಕೆಳಗಿನ ಪಟ್ಟಿಕೆ ನೋಡಿ. ಆನೆ, ಕುದುರೆಗಳ ಸಾಲಿನಲ್ಲಿ ಉದ್ದ ಕುತ್ತಿಗೆಯ ಒಂದು ಜಿರಾಫೆ ಇದೆ, ಚೀನೀ ಡ್ರ್ಯಾಗನ್ ಕೂಡ. ಈ ಕರಾವಳಿಯ ಬಂದರುಗಳಿಗೆ ಎಲ್ಲೆಲ್ಲಿಂದ ಹಡಗು ಬರುತ್ತಿತ್ತು ಎಂಬುದು ಆ ಒಂದು ಗೇಣು ಕಲ್ಲಿನಲ್ಲಿ ಉಳಿದಿದೆ. ಆಮೇಲೆ ತಲೆ ಎತ್ತಿ ಮಾಡು ನೋಡಿ. ಕಲ್ಲಿನ ಹಾಸುಗಳನ್ನು ಮನೆಯ ಮಾಡಿನಂತೆ ಓರೆಯಾಗಿ ಇಳಿಬಿಟ್ಟಿದ್ದಾರೆ, ಮೇಲಿನ ಅಂತಸ್ತುಗಳು ಮರದವು. ಘಟ್ಟದ ಮೇಲಿನ ಗುಡಿಗಳ ಚಪ್ಪಟೆ ಮಾಡಿಗಿಂತ ಇಲ್ಲಿಯ ಮಳೆಗೆ ಇಂಥ ಇಳಿಜಾರೇ ಸರಿ. ಜುಲೈಯ ಸುರಿಮಳೆಯಲ್ಲಿ ಜಗಲಿಯ ಕಂಬಕ್ಕೆ ಒರಗಿ ನಿಂತರೆ, ಆ ಕಲ್ಲಿನ ಮಾಡಿನಿಂದ ನೀರು ನಾಲ್ಕೂ ಬದಿಗೆ ಪರದೆಯಂತೆ ಇಳಿಯುತ್ತದೆ, ಒಳಗಿನ ನೆಲ ಒಣಗಿಯೇ ಇರುತ್ತದೆ. ಅಂಗಳದ ಹಾಸುಗಲ್ಲಿಗೆ ಮಾತ್ರ ಪಾಚಿ ಹಿಡಿದಿರುತ್ತದೆ. ಹಿಮ್ಮಡಿ ಊರದೆ, ಪಾದ ಪೂರ್ತಿ ಇಟ್ಟು, ಗೋಡೆಯ ಬದಿಯಿಂದ ನಡೆಯಿರಿ.